ಕುಂತು ನೋಡುವ ಧಾರಾವಾಹಿ

ಚನ್ನಬಸವ್ವ ಅದುವರೆಗೆ ಧಾರಾವಾಹಿಗಳನ್ನು ಕೇಳಿದ್ದಳೇ ಹೊರತು ನೋಡಿರಲಿಲ್ಲ. ಗದಗಿನ ಮನೆಯಲ್ಲಿ ಟೀವಿ ಇದ್ದದ್ದು ಪಡಸಾಲೆಯಲ್ಲಿ, ಅವಳು ಇರುತ್ತಿದ್ದದ್ದು ಅಡುಗೆಮನೆಯಲ್ಲಿ. ನಡುವಿನ ಬಾಗಿಲಿಗೆ ಅಡ್ಡವಾಗಿ ಗಂಡನ ಆರಾಮಕುರ್ಚಿ. ರೊಟ್ಟಿ ಬಡಿಯುತ್ತ, ಒಗ್ಗರಣೆ ಹಾಕುತ್ತ, ಯಾವ ಸೊಸೆ ಮನೆ ಬಿಟ್ಟಳು, ಯಾವ ಅತ್ತೆ ಹಾಲಿಗೆ ಏನು ಬೆರೆಸಿದಳು ಎಂಬುದನ್ನೆಲ್ಲ ಅವಳು ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದಳು. ಸಾಸಿವೆ ಸಿಡಿಯುವಾಗ ಒಂದೆರಡು ಮಾತು ತಪ್ಪಿಹೋದರೂ ನಷ್ಟವಿರಲಿಲ್ಲ. ಆ ಮಾತನ್ನು ಅವರು ಮರುದಿನವೂ ಆಡುತ್ತಿದ್ದರು.

ಹಾಗಂತ ಅವಳು ಕೂರುತ್ತಲೇ ಇರಲಿಲ್ಲ ಎಂದಲ್ಲ. ಕೂರುತ್ತಿದ್ದಳು, ಆದರೆ ಮಡಿಲಲ್ಲಿ ಏನಾದರೂ ಇರಬೇಕು. ಬಿಡಿಸಬೇಕಾದ ಅವರೆ, ಸುಲಿಯಬೇಕಾದ ಬಳ್ಳೊಳ್ಳಿ, ಗುಂಡಿ ಹಚ್ಚಬೇಕಾದ ಅಂಗಿ. ಮಠಕ್ಕೆ ಪುರಾಣ ಕೇಳಲು ಹೋದರೂ ಬತ್ತಿ ಹೊಸೆಯಲು ಅರಳೆ ಒಯ್ಯುವವಳು. ಕೈ ಖಾಲಿ ಇಟ್ಟುಕೊಂಡು ಕೂತ ಹೆಂಗಸನ್ನು ಕಂಡರೆ ‘ಪಾಪ, ಮೈಯಾಗ ಆರಾಮಿಲ್ಲೇನೊ’ ಅನ್ನಿಸುತ್ತಿತ್ತು ಅವಳಿಗೆ.

ಮಗಳು ಆರತಿಯ ಬಾಣಂತನಕ್ಕೆಂದು ಗಂಡ ಬಸವಂತಪ್ಪನ ಜೊತೆ ರೆಡ್‌ವುಡ್ ಸಿಟಿಗೆ ಬಂದಾಗ ಈ ಅಭ್ಯಾಸವೂ ಜೊತೆಗೇ ಬಂತು. ಆರತಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ರಜೆಯ ಮೇಲಿದ್ದಳು. ಮಧ್ಯಾಹ್ನ ಸೋಫಾದಲ್ಲಿ ಕೂತು ಮಗು ನಿಸರ್ಗಾಳಿಗೆ ಹಾಲೂಡಿಸುವಾಗ ಟೀವಿಯಲ್ಲಿ ಒಂದು ಚೀನೀ ಧಾರಾವಾಹಿ ಹಚ್ಚುತ್ತಿದ್ದಳು. ಮಗು ಏಳಬಾರದೆಂದು ದನಿ ಪೂರಾ ಇಳಿಸಿ, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಳ್ಳುತ್ತಿದ್ದಳು. ಹೆಸರು ‘ಹಂಸದ್ವಾರ’ ಎಂಬರ್ಥದ್ದೇನೋ. ಕೆಂಪು ಕಂಬಗಳ ಅರಮನೆ, ನೆಲ ಗುಡಿಸುವಷ್ಟು ಉದ್ದ ತೋಳಿನ ರೇಷ್ಮೆ ಅಂಗಿ, ತಲೆಯ ಮೇಲೆ ಗೋಪುರದಂಥ ಕೇಶ.

ಹಾಲಿನ ಲೋಟ ಒಯ್ಯಲು ಬಂದ ಚನ್ನಬಸವ್ವ ನಿಂತುಬಿಟ್ಟಳು.

“ಇಷ್ಟುದ್ದ ತೋಳಿನ ಅಂಗಿ! ಇವನ್ನೆಲ್ಲ ಒಗಿಯಾವ್ರು ಯಾರ?”

“ಅದನ್ನ ತೋರ್ಸಂಗಿಲ್ಲವ್ವಾ ಅವರು,” ಎಂದು ಆರತಿ ನಕ್ಕಳು. “ಕುಂದ್ರ ಬಾ. ನೀ ನಿಂತ್ರ ನಂಗ ಕತ್ತ ನೋಯತೈತಿ.”

“ಮೆಂತ್ಯೆಪಲ್ಲೆ ಬಿಡಸೂದೈತಿ.”

“ಇಲ್ಲೇ ತಗೊಂಬಾ.”

ಅವಳು ಮೆಂತ್ಯೆಯ ಕಟ್ಟು ತಂದು ಕೂತಳು. ಎರಡು ಕಡ್ಡಿ ಬಿಡಿಸಿ ತಲೆ ಎತ್ತುವಷ್ಟರಲ್ಲಿ ಗಡ್ಡದ ಮುದುಕನೊಬ್ಬ ನೆಲಕ್ಕೆ ಬಿದ್ದಿದ್ದ.

“ಅಯ್ಯ! ಏನಾತ ಅವಗ?”

“ಮಂತ್ರಿಗೆ ವಿಷಾ ಹಾಕಿದ್ರು. ಈಗ ಬರದು ಬಂತಲ್ಲ ಕೆಳಗ?”

“ನಾ ಮೆಂತ್ಯೆ ನೋಡಾಕತ್ತಿದ್ದೆ.”

ಆರತಿ ಹಿಂದಕ್ಕೆ ಒಯ್ದು ಮತ್ತೆ ತೋರಿಸಿದಳು. ಮತ್ತೆ ಚನ್ನಬಸವ್ವನ ಕಣ್ಣು ಸೊಪ್ಪಿನ ಕಡೆ ಹೋಯಿತು, ಮತ್ತೆ ಮುದುಕ ಬಿದ್ದ. ಮೂರನೆಯ ಸಲ ಆರತಿಗೆ ತಾಳ್ಮೆ ತಪ್ಪಿತು. “ಅವ್ವಾ, ಮೆಂತ್ಯೆನರ ನೋಡು, ಮಂತ್ರಿನರ ನೋಡು!”

ಚನ್ನಬಸವ್ವ ಕಟ್ಟನ್ನು ಪಕ್ಕಕ್ಕಿಟ್ಟಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಡಿ ಬಚ್ಚಿಟ್ಟುಕೊಂಡಳು.

ಪಿಯುಸಿಯವರೆಗೆ ಓದಿದ ಇಂಗ್ಲಿಷು ಅವಳಲ್ಲಿ ಎಲ್ಲೋ ಮೂಲೆಯಲ್ಲಿತ್ತು. ಮೊದಮೊದಲು ಒಂದು ಸಾಲು ಓದಿ ಮುಗಿಸುವುದರೊಳಗೆ ಅರಮನೆಯವರು ಇನ್ನೆರಡು ಸಾಲು ಆಡಿಬಿಡುತ್ತಿದ್ದರು. ಆರತಿ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಬರಬರುತ್ತ ಕಣ್ಣು ತಾನೇ ಓಡತೊಡಗಿತು. ಆರತಿ ಕೆಲಸಕ್ಕೆ ಮರಳುವ ಹೊತ್ತಿಗೆ ಚನ್ನಬಸವ್ವನಿಗೆ ಯಾರ ನೆರವೂ ಬೇಕಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಮಗು ಮಲಗುತ್ತಿತ್ತು, ಅವಳು ಕೂರುತ್ತಿದ್ದಳು. ಒಂದು ಕಂತು. ಕಾಲು ಮಡಿಚಿ, ಬೆನ್ನಿಗೆ ದಿಂಬು ಕೊಟ್ಟು, ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು.

ಕತೆ ಇಷ್ಟು. ಮುದಿ ಚಕ್ರವರ್ತಿ ಹಾಸಿಗೆ ಹಿಡಿದಿದ್ದಾನೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಮುಂದಿನ ಪಟ್ಟ ಯಾರಿಗೆಂದು ಅವನು ಬಾಯಿಬಿಡುವುದಿಲ್ಲ. ಪಟ್ಟದ ಅಂಗಿಯನ್ನು ಹೊಲಿಯಲು ಮಾತ್ರ ಹೇಳಿದ್ದಾನೆ; ಅದು ಯಾರ ಮೈಗೆ ಹೊಂದುತ್ತದೋ ಅವರಿಗೇ ಪಟ್ಟ. ಆ ಅಂಗಿಗೆ ಕಸೂತಿ ಹಾಕುವ ಹುಡುಗಿಗೂ ಮೂರನೆಯ ಮಗನಿಗೂ ಪ್ರೀತಿ. ಅವನಿಗೇ ಪಟ್ಟವಾದರೆ ಕಸೂತಿಯ ಹುಡುಗಿ ರಾಣಿಯಾಗುವಂತಿಲ್ಲ; ಅವನಿಗೆ ಪಟ್ಟವಾಗದಿದ್ದರೆ ಹಿರಿಯ ರಾಣಿ ತನ್ನ ಮಗನನ್ನು ಕೂರಿಸಿ ಊರನ್ನೆಲ್ಲ ನುಂಗುತ್ತಾಳೆ. ಚೀನೀ ಹೆಸರು ನೆನಪಿಡಲಾಗದೆ ಚನ್ನಬಸವ್ವ ಎಲ್ಲರಿಗೂ ಬೇರೆ ಹೆಸರಿಟ್ಟಿದ್ದಳು: ಹಿರಿಯ ರಾಣಿ ದೊಡ್ಡಾಕಿ, ಇನ್ನು ಮೂರನೇಂವ, ಕಸೂತಿ ಹುಡುಗಿ. ಮಧ್ಯಾಹ್ನದ ಊಟದ ಹೊತ್ತಿಗೆ ಆರತಿ ಲ್ಯಾಬಿನಿಂದ ಫೋನು ಮಾಡಿದರೆ ಮೊದಲ ಪ್ರಶ್ನೆ ಮಗುವಿನದು, ಎರಡನೆಯದು ದೊಡ್ಡಾಕಿಯದು.

ಮನೆಯಲ್ಲಿ ಒಬ್ಬಳು ಕೂತರೆ ಎಷ್ಟು ಕೆಲಸ ನಿಲ್ಲುತ್ತದೆ ಎಂಬುದು ಅವಳು ಕೂರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಡ್ರೈಯರಿನಿಂದ ತೆಗೆದ ಮಗುವಿನ ಬಟ್ಟೆ ಬುಟ್ಟಿಯಲ್ಲೇ ಮುದ್ದೆಯಾಗಿ ಉಳಿಯತೊಡಗಿತು. ರಾತ್ರಿಯ ಪಲ್ಲೆ ಹೆಚ್ಚದೆ ಕಾದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂವರೆಗೆ ಬರಬೇಕಾದ ಚಹಾ ಬರಲಿಲ್ಲ. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಬಸವಂತಪ್ಪ ಊರಿಗೆಲ್ಲ ದೀಪ ಹಚ್ಚಿಸಿದವನು, ಮನೆಯಲ್ಲಿ ಒಲೆ ಹಚ್ಚಿದವನಲ್ಲ.

“ಆರತಿ ಅವ್ವಾ, ಚಾ?” ಎಂದು ಹೆಂಡತಿಯನ್ನು ಕರೆದ.

“ಈಗ ಬ್ಯಾಡ್ರಿ, ದೊಡ್ಡಾಕಿ ಬರಾಕತ್ತಾಳ.”

“ಅಕಿಗೂ ಒಂದು ಕಪ್ ಮಾಡು.”

ಅವಳು ಏಳಲಿಲ್ಲ. ಬಸವಂತಪ್ಪ ತಾನೇ ಹೋಗಿ ಬೋಗಣಿಯಲ್ಲಿ ಹಾಲಿಟ್ಟ, ಅದು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಒರೆಸಲು ಬಟ್ಟೆ ಎಲ್ಲಿದೆ ಎಂದು ಕೇಳಿದ. ಸೋಫಾದಿಂದ ಉತ್ತರ ಬಂತು, “ನಿಮ್ಮ ಬಲಗೈ ಹತ್ರ.” ಕಣ್ಣು ಮಾತ್ರ ತಿರುಗಲಿಲ್ಲ.

ಆ ವಾರ ಊಟಕ್ಕೆ ಕೂತಾಗ ಬಸವಂತಪ್ಪ ಅಳಿಯ ಸಿದ್ಧಾರೂಢನ ಮುಂದೆ ವಿಷಯ ತೆಗೆದ. ಸಿಟ್ಟಿನಿಂದಲ್ಲ, ಮರುಕದಿಂದಲೇ. “ಪಾಪ, ಆರತಿ ಅವ್ವಗ ಓದಿ ಓದಿ ಕಣ್ಣಿಗೆ ತ್ರಾಸ ಆಗಾಕತ್ತೇತಿ ನೋಡ್ರಿ. ಕನ್ನಡದಾಗ ಇದ್ದಿದ್ರ ಹಂಗ ಕೆಲಸಾ ಮಾಡ್ಕೊಂತ ಕೇಳತಿದ್ಲು.”

“ನಂಗೇನ್ ತ್ರಾಸಿಲ್ಲ,” ಎಂದಳು ಚನ್ನಬಸವ್ವ. ಆದರೆ ಅಷ್ಟರಲ್ಲಿ ಅಳಿಯನ ಕಣ್ಣು ಮಿನುಗಿಬಿಟ್ಟಿತ್ತು. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ದಿನವಿಡೀ ಯಾರದೋ ತೊಂದರೆ ಬಗೆಹರಿಸುವವನು. ಮನೆಯಲ್ಲೇ ಒಂದು ತೊಂದರೆ ಸಿಕ್ಕಿದ್ದು ಅವನಿಗೆ ಹಬ್ಬವಾಯಿತು.

ಮರುದಿನ ಬೆಳಗ್ಗೆ ಚನ್ನಬಸವ್ವ ಮಗುವನ್ನು ಸ್ಟ್ರೋಲರಿನಲ್ಲಿಟ್ಟುಕೊಂಡು ಕೆಳಗಿಳಿದಳು. ಅದೇ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಲೀ ಎಂಬ ಚೀನೀ ಅಜ್ಜಿ ಇದ್ದಳು. ಅವಳದೂ ಇದೇ ಉದ್ಯೋಗ, ಮೊಮ್ಮಗನನ್ನು ತಳ್ಳಿಕೊಂಡು ತಿರುಗುವುದು. ಇಬ್ಬರೂ ದಿನವೂ ಪಾರ್ಕಿನ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ನಗುತ್ತಿದ್ದರು, ಮಕ್ಕಳಿಗೆ ಎಷ್ಟು ಹಲ್ಲು ಬಂದಿದೆಯೆಂದು ಬೆರಳಿನಲ್ಲಿ ತೋರಿಸಿಕೊಳ್ಳುತ್ತಿದ್ದರು. ಭಾಷೆಯ ಅಗತ್ಯ ಅಲ್ಲಿಗೆ ಮುಗಿಯುತ್ತಿತ್ತು. ಒಮ್ಮೆ ಚನ್ನಬಸವ್ವ ತನ್ನಷ್ಟಕ್ಕೆ ‘ಹಂಸದ್ವಾರ’ದ ಹಾಡಿನ ರಾಗ ಗುನುಗಿದಾಗ ಲೀ ಅಜ್ಜಿ ಬೆಂಚಿನಿಂದ ಎದ್ದೇಬಿಟ್ಟಿದ್ದಳು. ಎದೆ ತಟ್ಟಿಕೊಂಡು, ದೊಡ್ಡಾಕಿಯ ಹಾಗೆ ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ ತೋರಿಸಿದಳು. ಅಂದಿನಿಂದ ಅವರ ಸ್ನೇಹಕ್ಕೆ ಒಂದು ವಿಷಯ ಸಿಕ್ಕಂತಾಗಿತ್ತು.

ಆ ದಿನ ಲೀ ಅಜ್ಜಿ ಅವಳನ್ನು ಮನೆಗೆ ಕರೆದಳು. ಒಳಗೆ ಟೀವಿ ಹಚ್ಚಿತ್ತು. ಅದೇ ಅರಮನೆ, ಅದೇ ಕೆಂಪು ಕಂಬ. ಆದರೆ ಅದರ ಮುಂದೆ ಯಾರೂ ಇರಲಿಲ್ಲ. ಲೀ ಅಜ್ಜಿ ಅಡುಗೆಕಟ್ಟೆಯ ಬಳಿ ಬೆನ್ನು ತಿರುಗಿಸಿ ನಿಂತು ಟಕಟಕ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದಳು. ದೊಡ್ಡಾಕಿ ಏನೋ ಅಂದಾಗ ಚಾಕು ನಿಲ್ಲಿಸದೆಯೇ “ಹುಂ!” ಎಂದು ಮೂಗು ಮುರಿದಳು. ಬಾಣಲೆಗೆ ಎಣ್ಣೆ ಬಿಟ್ಟಳು. ಸೊಪ್ಪು ಹಾಕಿದಾಗ ಎದ್ದ ಸದ್ದಿನಲ್ಲಿ ಚಕ್ರವರ್ತಿಯ ಮಾತು ಮುಳುಗಿಹೋಯಿತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಚನ್ನಬಸವ್ವ ಬಾಗಿಲಲ್ಲೇ ನಿಂತಳು. ಅವಳಿಗೆ ಗದಗಿನ ತನ್ನದೇ ಬೆನ್ನನ್ನು ಹಿಂದಿನಿಂದ ನೋಡಿದಂತಾಯಿತು. ಇವಳಿಗೆ ಈ ಭಾಷೆ ತಿಳಿಯುತ್ತದೆ, ಅದಕ್ಕೇ ನಿಂತಿದ್ದಾಳೆ. ನನಗೆ ತಿಳಿಯುವುದಿಲ್ಲ, ಅದಕ್ಕೇ ಕೂತಿದ್ದೇನೆ. ಇಷ್ಟು ದಿನ ತನಗೆ ಸಿಕ್ಕಿದ್ದು ಏನೆಂಬುದು ಅವಳಿಗೆ ಆಗ ಹೊಳೆಯಿತು.

ಆ ಶನಿವಾರ ಅಳಿಯ ಒಂದು ಸಣ್ಣ ಡಬ್ಬಿ ತಂದು ಅವಳ ಮುಂದಿಟ್ಟ. ಒಳಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಎರಡು ಬಿಳಿ ಗುಂಡಿ.

“ಅತ್ತಿ, ಇದು ನಿಮಗ. ವಾರಾ ಪೂರ್ತಿ ಕುಂತು ಮಾಡೀನ್ರಿ. ಕೆಳಗ ಬರೂ ಇಂಗ್ಲಿಷ್ ಐತಲ್ಲ, ಅದನ್ನ ಕನ್ನಡಕ್ಕ ಕನ್ವರ್ಟ್ ಮಾಡಿ ಸೀದಾ ನಿಮ್ಮ ಕಿವ್ಯಾಗ ಹೇಳತೈತಿ. ನೀವು ಕಿಚನ್ನಿನ್ಯಾಗಿರ್ರಿ, ಬಾಲ್ಕನಿಯಾಗಿರ್ರಿ, ಲಾಂಡ್ರಿ ರೂಮಿಗೆ ಹೋಗ್ರಿ, ಸಿಗ್ನಲ್ ಕಟ್ ಆಗಂಗಿಲ್ಲ. ಓದೂ ಕಟಕಟಿನ ಇಲ್ಲ!”

“ಭಲೇ ಅಳ್ಯಾರ!” ಎಂದ ಬಸವಂತಪ್ಪ. ಅವನ ಕಣ್ಣ ಮುಂದೆ ಎರಡೂವರೆಯ ಚಹಾ ಹಾದುಹೋಗಿರಬೇಕು.

ಅಳಿಯ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿ ಚನ್ನಬಸವ್ವನ ಮನೆತನದಲ್ಲಿರಲಿಲ್ಲ. ಮಗಳ ಮದುವೆಯಾದ ಹೊಸತರಲ್ಲಿ ಅಳಿಯ ಬಂದರೆ ಅವಳು ಬಾಗಿಲ ಹಿಂದಿನಿಂದಲೇ ಮಾತಾಡಿದವಳು. ಸುಮ್ಮನೆ ಗುಂಡಿಗಳನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಯಂತ್ರದ ಕನ್ನಡ ಕೇಳಿ ಅವಳು ಮೊದಲು ನಕ್ಕಳು. ಚಕ್ರವರ್ತಿ, ರಾಣಿ, ಕುದುರೆಯಾಳು ಎಲ್ಲರಿಗೂ ಒಬ್ಬಳೇ ಹೆಂಗಸಿನ ದನಿ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆ ಎನ್ನುವವಳದು. “ಓ ಗೌರವಾನ್ವಿತ ತಂದೆಯೇ, ಈ ಅಯೋಗ್ಯ ಪುತ್ರನು ಮರಣಕ್ಕೆ ಅರ್ಹನಾಗಿದ್ದಾನೆ,” ಎಂದು ಅವಳು ಯಾವ ಭಾವವೂ ಇಲ್ಲದೆ ಘೋಷಿಸುತ್ತಿದ್ದಳು. ಸೋಮವಾರದಿಂದ ಚನ್ನಬಸವ್ವ ಎರಡು ಗಂಟೆಗೆ ಅಡುಗೆಮನೆಯಲ್ಲಿದ್ದಳು. ಚಹಾ ಹೊತ್ತಿಗೆ ಸರಿಯಾಗಿ ಬಂತು. ಬಟ್ಟೆ ಮಡಿಕೆಯಾಗಿ ಕಪಾಟು ಸೇರಿತು. ರಾತ್ರಿ ಎಲ್ಲರೂ ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡರು. “ಎಷ್ಟು ಅನುಕೂಲ ಆತು ನೋಡು,” ಎಂದ ಬಸವಂತಪ್ಪ. ಅನುಕೂಲ ಯಾರಿಗೆ ಎಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಬುಧವಾರ ರೊಟ್ಟಿ ಬಡಿಯುವಾಗ ಕಿವಿಯಲ್ಲಿ ಮಾತು ನಿಂತಿತು. ಬರೀ ತಂತಿವಾದ್ಯದ ಸಣ್ಣ ನಾದ. ಚಾರ್ಜ್ ಮುಗಿಯುತ್ತ ಬಂದಿರಬೇಕೆಂದುಕೊಂಡು ಅವಳು ಇನ್ನೊಂದು ಉಂಡೆ ತೆಗೆದುಕೊಂಡಳು. ಅದನ್ನು ಬಡಿದು ತೆಳ್ಳಗೆ ಮಾಡಿ ಹಂಚಿಗೆ ಹಾಕುವಷ್ಟು ಹೊತ್ತು ಮಾತಿಲ್ಲ. ಆಮೇಲೆ ಸ್ಟೇಷನ್ನಿನ ಹೆಂಗಸು ಮತ್ತೆ ಶುರುವಾದಳು. ಗುರುವಾರದ ಕಂತು ಕೇಳಿದರೆ ಅರಮನೆಯಲ್ಲಿ ಅಲ್ಲೋಲಕಲ್ಲೋಲ. ಪಟ್ಟದ ಅಂಗಿ ಮೂರನೇಂವನ ಭುಜಕ್ಕೆ ಏರುತ್ತಲೇ ಇಲ್ಲ! ಹೇಗೆ, ಏಕೆ, ಅವಳಿಗೆ ಒಂದೂ ಅರ್ಥವಾಗಲಿಲ್ಲ.

ಪಾರ್ಕಿನಲ್ಲಿ ಲೀ ಅಜ್ಜಿಯನ್ನು ಕಂಡವಳೇ ಭುಜ ತೋರಿಸಿ, ಕೈ ತಿರುಗಿಸಿ ಕೇಳಿದಳು. ಲೀ ಅಜ್ಜಿಯ ಮುಖ ಮೆತ್ತಗಾಯಿತು. ಮಾತು ನಿಂತೊಡನೆ ಅವಳೂ ಬಾಣಲೆಯಿಂದ ತಲೆ ಎತ್ತಿರಬೇಕು. ಮಗುವಿನ ಹೊದಿಕೆಯ ದಾರವೊಂದನ್ನು ಬಿಚ್ಚಿ ಎದ್ದು ನಿಂತಳು. ಚನ್ನಬಸವ್ವನನ್ನು ಮೂರನೇಂವನನ್ನಾಗಿ ಮಾಡಿ, ತಾನು ಕಸೂತಿ ಹುಡುಗಿಯಾಗಿ, ಅವಳ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ದಾರ ಹಿಡಿದು ಅಳತೆ ತೆಗೆದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹಾಗೆ ನೋಡುತ್ತಲೇ, ಗಂಟು ಹಾಕಬೇಕಾದಲ್ಲಿ ಹಾಕದೆ, ಬೆರಳನ್ನು ನಿಧಾನವಾಗಿ ಒಳಗೆ ಸರಿಸಿ, ಗಿಡ್ಡಕ್ಕೆ ಗಂಟು ಹಾಕಿದಳು. ತುಟಿಯ ಮೇಲೆ ಬೆರಳಿಟ್ಟಳು.

“ಅಯ್ಯಯ್ಯ ನನ ಮಗಳ!” ಎಂದಳು ಚನ್ನಬಸವ್ವ. ಪಟ್ಟ ತಪ್ಪಲೆಂದು ಹುಡುಗಿಯೇ ಅಳತೆಯನ್ನು ಗಿಡ್ಡ ಮಾಡಿದ್ದಳು! ಮೂರನೇಂವ ಅದನ್ನು ಕಂಡೂ ಸುಮ್ಮನೆ ನಿಂತಿದ್ದ! ಇಡೀ ಕತೆಯಲ್ಲಿ ಇದ್ದದ್ದು ಅದೊಂದು ಗಳಿಗೆ. ಅದರಲ್ಲಿ ಒಂದು ಮಾತೂ ಇರಲಿಲ್ಲ. ಆ ಹೊತ್ತಿನಲ್ಲಿ ತಾನು ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು.

ಕೊನೆಯ ಕಂತು ಭಾನುವಾರಕ್ಕಿತ್ತು. ಶುಕ್ರವಾರ ರಾತ್ರಿಯ ಊಟದ ಹೊತ್ತಿಗೆ ಚನ್ನಬಸವ್ವ ಡಬ್ಬಿಯನ್ನು ತಂದು ಅಳಿಯನ ತಾಟಿನ ಪಕ್ಕ ಇಟ್ಟಳು.

“ಅಳ್ಯಾರ, ಸಿಟ್ಟಾಗಬ್ಯಾಡ್ರಿ. ನೀವು ಭಾಳ ಚಂದ ಮಾಡೀರಿ. ಆದ್ರ ನಂಗ ಇದು ಬ್ಯಾಡ.”

ಸಿದ್ಧಾರೂಢ ತುತ್ತು ಕೆಳಗಿಟ್ಟ. “ಯಾಕ್ರಿ ಅತ್ತಿ? ಕನ್ನಡ ಸರಿ ಇಲ್ಲೇನ್ರಿ? ದನಿ ಬದಲಿ ಮಾಡತೀನಿ. ಗಂಡಸರಿಗೆ ಬ್ಯಾರೆ ದನಿ ಹಾಕೂಣು.”

“ದನಿ ಏನ್ ಮಾಡ್ತೀರಿ, ಇರ್ಲಿ.”

“ಕಿವಿ ನೋಯತೈತೇನು?” ಎಂದ ಬಸವಂತಪ್ಪ.

“ಕಿವಿ ನೆಟ್ಟಗೈತಿ.”

“ಮತ್ತ?”

ಅವಳು ಹುಡುಕಿದಳು. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಈ ಮಾತನ್ನು ಹೇಳಿಯೇ ಇರಲಿಲ್ಲವಾದ್ದರಿಂದ ಅದು ನಾಲಿಗೆಯ ಮೇಲೆ ಎಲ್ಲಿಯೂ ಇರಲಿಲ್ಲ.

“ನಂಗ ಕುಂದ್ರಬೇಕಾಗೇತಿ,” ಎಂದಳು ಕೊನೆಗೆ. “ಅದು ಕಿವ್ಯಾಗ ಹೇಳಾಕತ್ರ ನಾ ಕುಂದ್ರಂಗಿಲ್ಲ. ಕೈ ತಾನ ಕೆಲಸಕ್ಕ ಹೋಗತಾವ. ಓದಾಕ ಇದ್ರ, ಕುಂದ್ರಲೇಬೇಕು. ಬ್ಯಾರೆ ದಾರೀನ ಇಲ್ಲ. ನಂಗ ಅದ ಚಲೋ ಐತಿ.”

ಮೊದಲು ನಕ್ಕವಳು ಆರತಿ. ಬಾಯಿಗೆ ಕೈ ಅಡ್ಡ ಹಿಡಿದರೂ ತಡೆಯಲಾಗದೆ, ಮಗು ಬೆಚ್ಚುವಷ್ಟು ಜೋರಾಗಿ ನಕ್ಕಳು. ನಗುತ್ತಲೇ ಅವ್ವನ ತೋಳಿಗೆ ಹಣೆ ಒತ್ತಿದಳು. “ಸಿದ್ದೂ, ಅವ್ವಗ ಪ್ರಾಬ್ಲಮ್ಮ ಇರಲಿಲ್ಲ ಮಾರಾಯಾ. ನೀ ಸಲ್ಯೂಷನ್ನ ಕಿತ್ತ್ ಒಗದಿ!”

ಸಿದ್ಧಾರೂಢ ಡಬ್ಬಿಯನ್ನು ನೋಡಿದ, ಅತ್ತೆಯನ್ನು ನೋಡಿದ. ಕಿವಿ ಕೆಂಪಾಯಿತು. “ಯೂಸರ್‌ಗೆ ಕೇಳದ ಮಾಡಿದ್ರ ಹಿಂಗ ಆಗೂದು. ಆಫೀಸಿನ್ಯಾಗ ಮಂದಿಗೆ ನಾನ ಇದನ್ನ ಹೇಳತೀನ್ರಿ ಅತ್ತಿ,” ಎಂದು ತಾನೂ ನಕ್ಕ.

“ಅಲ್ಲ, ಹಂಗಾದ್ರ ಚಾ?” ಎಂದ ಬಸವಂತಪ್ಪ. ಅವನಿಗೆ ಇನ್ನೂ ನಗು ಬಂದಿರಲಿಲ್ಲ.

ಆರತಿ ಡಬ್ಬಿಯ ಮುಚ್ಚಳ ತೆಗೆದಳು. “ಅಪ್ಪಾ, ನಿಮಗೂ ಕತಿ ಬೇಕಲ್ಲ? ದಿನಾ ಊಟದಾಗ ಏನಾತು ಏನಾತು ಅಂತ ಕೇಳತೀರಿ. ಕಿವಿ ಕೊಡ್ರಿ ಇಲ್ಲೆ.” ಎರಡೂ ಗುಂಡಿಗಳನ್ನು ಅಪ್ಪನ ಕಿವಿಗೆ ಸಿಕ್ಕಿಸಿದಳು. “ಕಿಚನ್ನಿನ್ಯಾಗೂ ಕೇಳತೈತಂತ. ಲಾಂಡ್ರಿ ರೂಮಿನ್ಯಾಗೂ ಕೇಳತೈತಂತ.”

“ಆ ಹಾಲಿನ ಒಲಿ ನಂಗ ಆಗಿಬರಂಗಿಲ್ಲವಾ.”

“ಸಣ್ಣ ಉರಿ ಇಡ್ರಿ,” ಎಂದಳು ಚನ್ನಬಸವ್ವ, “ಅದರ ಮುಂದ ನಿಂದರ್ರಿ. ಅಷ್ಟ ಐತಿ ಅದರಾಗ.”

ಭಾನುವಾರ ಎರಡು ಗಂಟೆಗೆ ಚನ್ನಬಸವ್ವ ಕೆಳಗಿಳಿದು ಹೋಗಿ ಲೀ ಅಜ್ಜಿಯ ಬಾಗಿಲು ತಟ್ಟಿದಳು. ಲೀ ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದಳು. ಒಳಗೆ ಬೇಯಿಸುವುದಿದೆ, ಊಟಕ್ಕೆ ಯಾರೋ ಬರುತ್ತಾರೆ ಎಂದೇನೋ ಕೈ ಸನ್ನೆ ಮಾಡಿದಳು. ಚನ್ನಬಸವ್ವ ಅವಳ ಮಣಿಕಟ್ಟು ಹಿಡಿದು, ಸೋಫಾದ ಮೇಲೆ ಒಟ್ಟಿದ್ದ ಬಟ್ಟೆಯನ್ನು ನೋಡುತ್ತ ಕೂತಿದ್ದ ಅವಳ ಮಗನಿಗೆ “ಐ ಟೇಕ್ ಮದರ್. ಯು ಕುಕ್,” ಎಂದಳು. ಅವನು ಪಾಪ, ತಕ್ಷಣ ಎದ್ದು ನಿಂತ.

ಮೇಲಿನ ಮನೆಗೆ ಬಂದು ಇಬ್ಬರೂ ಒಂದೇ ಸೋಫಾದಲ್ಲಿ ಕೂತರು. ಅಡುಗೆಮನೆಯಲ್ಲಿ ಬಸವಂತಪ್ಪ ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ. ಸಾಸಿವೆ ಸುಟ್ಟ ವಾಸನೆ ಬಂದಾಗ ಲೀ ಅಜ್ಜಿ ತಟ್ಟನೆ ಎದ್ದಳು. ಚನ್ನಬಸವ್ವ ಸೀರೆಯ ಸೆರಗು ಹಿಡಿದಷ್ಟೇ ಹಗುರವಾಗಿ ಅವಳ ಅಂಗಿಯ ತುದಿ ಹಿಡಿದು ಕೂರಿಸಿದಳು. ಇನ್ನೊಂದು ಸಲ ಮಗು ಮಿಸುಕಿತು, ಲೀ ಅಜ್ಜಿ ಮತ್ತೆ ಎದ್ದಳು. ಸಿದ್ಧಾರೂಢ ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದ. ಮೂರನೆಯ ಸಲ ಏಳಲು ಅವಳಿಗೆ ನೆಪವೇ ಸಿಗಲಿಲ್ಲ.

ಪಟ್ಟದ ಅಂಗಿಯನ್ನು ಉಳಿದಿಬ್ಬರು ಗಂಡುಮಕ್ಕಳಿಗೂ ತೊಡಿಸಿ ನೋಡುತ್ತಿದ್ದರು. ಹಿರಿಯವನಿಗೆ ಹೊಟ್ಟೆ ಬಿಗಿ. ಎರಡನೆಯವನಿಗೆ ತೋಳು ಬಿಗಿ. ದೊಡ್ಡಾಕಿಯ ಮುಖ ಕಪ್ಪಿಟ್ಟಿತು. ಸಭೆಯೆಲ್ಲ ಉಸಿರು ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಸವಟಿನ ಸಮೇತ ಬಸವಂತಪ್ಪ ಓಡಿಬಂದ. “ಮಗಳಿಗೆ! ಮಗಳಿಗೆ ಬರೋಬ್ಬರಿ ಕುಂತತಿ!”

“ರೀ!” ಎಂದು ಚನ್ನಬಸವ್ವ ಚೀರಿದಳು. ಯಂತ್ರದ ಕನ್ನಡ ಟೀವಿಗಿಂತ ಒಂದು ಹೆಜ್ಜೆ ಮುಂದಿತ್ತು. “ಬಾಯಿ ಮುಚ್ಚಿಕೊಂಡು ಒಗ್ಗರಣಿ ನೋಡ್ರಿ!”

ಆಮೇಲೆ ಪರದೆಯ ಮೇಲೆಯೂ ಅದೇ ಆಯಿತು. ಅಪ್ಪ ಹಾಸಿಗೆ ಹಿಡಿದಾಗಿನಿಂದ ಬೊಕ್ಕಸ, ಉಗ್ರಾಣ, ಸೈನಿಕರ ಊಟ ಎಲ್ಲವನ್ನೂ ಮೂಲೆಯಲ್ಲಿ ನಿಂತು ನಡೆಸಿದ್ದ ಮಗಳು ಅಂಗಿ ತೊಟ್ಟು ಮೆಟ್ಟಿಲು ಹತ್ತಿದಳು. ಕಸೂತಿ ಹುಡುಗಿ, ಮೂರನೇಂವ ಒಂದು ಸಣ್ಣ ದೋಣಿಯಲ್ಲಿ ಹೊಳೆ ದಾಟಿ ಹೋದರು. ಆ ದೋಣಿಯ ದೃಶ್ಯದಲ್ಲಿ ಮಾತಿರಲಿಲ್ಲ. ಲೀ ಅಜ್ಜಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಹಿಟ್ಟಿನ ಕೈಯಿಂದ ಒರೆಸಿಕೊಂಡು ಮುಖವೆಲ್ಲ ಬಿಳಿಯಾಯಿತು. ಅದನ್ನು ನೋಡಿ ಚನ್ನಬಸವ್ವ ನಕ್ಕಳು, ಇವಳ ನಗು ನೋಡಿ ಅವಳೂ ನಕ್ಕಳು. ಬಸವಂತಪ್ಪ ಒಂದು ಕಡೆ ಕಪ್ಪಾಗಿದ್ದ ಮಂಡಕ್ಕಿಯನ್ನು ತಂದು ಇಬ್ಬರ ಮುಂದೆ ಇಟ್ಟು, ಏನು ಹೇಳುತ್ತಾರೋ ಎಂದು ನಿಂತ. ಲೀ ಅಜ್ಜಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೆಬ್ಬೆರಳೆತ್ತಿದಳು.

ಬಾಲ್ಕನಿಯಿಂದ ಮಗುವಿನ ಜೊತೆ ಒಳಬಂದ ಸಿದ್ಧಾರೂಢ ಕೇಳಿದ, “ಮುಗೀತಲ್ರಿ ಅತ್ತಿ. ನಾಳಿಂದ ಏನ್ ಮಾಡ್ತೀರಿ? ಕನ್ನಡದ್ದು ಹಚ್ಚಿಕೊಡ್ಲೇನು?”

“ಕನ್ನಡದ್ದು ಬ್ಯಾಡ್ರಿ,” ಎಂದಳು ಚನ್ನಬಸವ್ವ, ಕಾಲು ಇನ್ನಷ್ಟು ಚಾಚುತ್ತ. “ಯಾವ ಭಾಷೀದರ ಹಚ್ಚಿಕೊಡ್ರಿ. ನಂಗ ತಿಳೀದಂಥಾದ್ದು ಆದ್ರ ಆತು.”